ಪಿಎಸ್‌ಎ ಕಡಿಮೆ ಇದ್ದಾಗ ಪ್ರೊಸ್ಟೇಟ್ ಕ್ಯಾನ್ಸರ್ ಪತ್ತೆ ಹೇಗೆ?

ಪಿಎಸ್‌ಎ (ಪುರುಷರ ಮೂತ್ರಕೋಶದ ಕೆಳಗಿರುವ ಪ್ರೊಸ್ಟೇಟ್ ಗ್ರಂಥಿ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಪ್ರಮಾಣ ಮಿಲಿಲೀಟರಿಗೆ 4 ನ್ಯಾನೊಗ್ರಾಂಗಿಂತ ಕಡಿಮೆ ಇದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಖಚಿತವಾಗಿ ಹೇಳಲಾಗದು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಿಎಸ್‌ಎ 4ನ್ನು ಮೀರದಿದ್ದ, ಬೆರಳಿನ ಪರೀಕ್ಷೆಯೂ (ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವುದು) ಸಹಜವಾಗಿದ್ದ 2,950 ಪುರುಷರಿಗೆ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿದಾಗ ಸುಮಾರು ಶೇ. 15 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತು. ಆದರೆ ಅವುಗಳಲ್ಲಿ ಹೆಚ್ಚಿನವು ಕಡಿಮೆ ದರ್ಜೆಯವು, ಅಂದರೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥವು ಎಂಬುದನ್ನು ಗಾಬರಿಗೊಳ್ಳುವ ಮುನ್ನ ನೆನಪಿಡಿ.

ಮೊದಲು ನೀವು ಸೇವಿಸುತ್ತಿರುವ ಮಾತ್ರೆಗಳನ್ನು ಪರಿಶೀಲಿಸಿ. ಪ್ರೊಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟೆರೈಡ್, ಡುಟಾಸ್ಟೆರೈಡ್ ಮಾತ್ರೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ವರದಿಯಲ್ಲಿನ 2.4 ಅನ್ನು 4.8ರಂತೆ ಪರಿಗಣಿಸಬೇಕಾಗುತ್ತದೆ. ಕೂದಲು ಉದುರುವಿಕೆಗೆಂದು ಫಿನಾಸ್ಟೆರೈಡ್ ನುಂಗುವ ಹಲವರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ, ದಯವಿಟ್ಟು ಹೇಳಿ.

ಹಳೆಯ ವರದಿಗಳನ್ನೆಲ್ಲ ಜೊತೆಗೊಯ್ಯಿರಿ, ಏಕೆಂದರೆ ಒಂದು ಅಂಕಿಗಿಂತ ಅದು ವರ್ಷದಿಂದ ವರ್ಷಕ್ಕೆ ಏರುತ್ತಿರುವ ರೀತಿ ಹೆಚ್ಚು ಹೇಳುತ್ತದೆ. ತಂದೆಗೋ ಸೋದರನಿಗೋ ಈ ಕಾಯಿಲೆ ಇದ್ದರೆ, ಕುಟುಂಬದಲ್ಲಿ ಬಿಆರ್‌ಸಿಎ2 ವಂಶವಾಹಿ ದೋಷ (ಇದು ಈ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ) ಇದ್ದರೆ ಅದನ್ನೂ ತಿಳಿಸಿ.

ಬೆರಳಿನ ಪರೀಕ್ಷೆಯನ್ನು ಸಂಕೋಚದಿಂದ ತಪ್ಪಿಸಬೇಡಿ. ಕೆಲವು ಉಗ್ರ ಬಗೆಯ ಗೆಡ್ಡೆಗಳು ಪಿಎಸ್‌ಎಯನ್ನು ಅತ್ಯಲ್ಪವಾಗಿ ಸ್ರವಿಸುವುದರಿಂದ, ಗ್ರಂಥಿಯಲ್ಲಿ ಗಟ್ಟಿಯಾದ ಗಂಟು ಸಿಕ್ಕರೆ ರಕ್ತದ ಅಂಕಿ ಎಷ್ಟೇ ಇರಲಿ, ಎಂಆರ್‌ಐ ಮತ್ತು ಬಯಾಪ್ಸಿಯ ಬಗ್ಗೆ ಮೂತ್ರರೋಗ ತಜ್ಞರೊಡನೆ ಚರ್ಚಿಸಬೇಕು. ಮೂತ್ರದಲ್ಲಿ ರಕ್ತ, ಕಡಿಮೆಯಾಗದ ಬೆನ್ನುಮೂಳೆಯ ನೋವು ಇದ್ದರೂ ತಡಮಾಡದೆ ತಜ್ಞರನ್ನು ಕಾಣಿರಿ.