ಹಡಗಿನ ಜೊತೆ ಮುಳುಗಿದ ಸ್ಪೇನ್ ನಾಣ್ಯಕ್ಕೆ ಬೆಲೆ ಕಟ್ಟುವುದು ಹೇಗೆ?

ಹಳೆಯ ಸ್ಪ್ಯಾನಿಶ್ ಬೆಳ್ಳಿ ನಾಣ್ಯ ಕೈಗೆ ಬಂದರೆ ನಾನು ಮೊದಲು ತೂಗುತ್ತೇನೆ. ಒರೆಸುವುದಿಲ್ಲ, ತಿಕ್ಕುವುದಂತೂ ಇಲ್ಲವೇ ಇಲ್ಲ. ರಿಯಾಲ್ ಅಂದರೆ ಆಗಿನ ಸ್ಪೇನಿನ ಹಣದ ಲೆಕ್ಕ. ಎಂಟು ರಿಯಾಲ್ ನಾಣ್ಯ ಟಂಕಸಾಲೆಯಿಂದ ಹೊರಬಂದಾಗ ಸುಮಾರು 27 ಗ್ರಾಂ ಇರುತ್ತಿತ್ತು. ನಾಲ್ಕು ರಿಯಾಲ್ ಅದರ ಅರ್ಧ, ಎರಡು ರಿಯಾಲ್ ಕಾಲುಭಾಗ. ಉಪ್ಪುನೀರು ಬೆಳ್ಳಿಯನ್ನು ತಿನ್ನುತ್ತದೆ. ನನ್ನ ಹತ್ತಿರ ಇರುವ ಒಂದು ಎಂಟು ರಿಯಾಲ್ ಈಗ 19 ಗ್ರಾಂ ಅಷ್ಟೇ. ಅದರ ಅಂಚು ಹಪ್ಪಳದಷ್ಟು ತೆಳ್ಳಗಾಗಿದೆ. ತೂಕ ಹೋದಷ್ಟೂ ಬೆಲೆ ಇಳಿಯುತ್ತದೆ. ಚಿನ್ನದ ಎಸ್ಕುಡೊಗಳಿಗೆ ಈ ಕಾಟವಿಲ್ಲ, ಶತಮಾನಗಳ ನಂತರವೂ ಹೊಳೆಯುತ್ತಲೇ ಮೇಲೆ ಬರುತ್ತವೆ.

ಆಮೇಲೆ ಓದಬೇಕು. ಕೋಣೆಯ ಲೈಟ್ ಆರಿಸಿ, ಸಣ್ಣ ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಮಲಗಿಸಿ ಹಿಡಿಯಿರಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಏನೂ ಇಲ್ಲ ಅಂದುಕೊಂಡ ಜಾಗದಲ್ಲಿ ನೆರಳು ಬಿದ್ದು ಒಂದು ಅಕ್ಷರ ಏಳುತ್ತದೆ. ಆ ಗಳಿಗೆಗಾಗಿ ನಾನು ಗಂಟೆಗಟ್ಟಲೆ ಕೂತಿದ್ದೇನೆ. ನಾಣ್ಯದ ಮೇಲಿನ ಗುರಾಣಿ ಚಿತ್ರದ ಎಡಕ್ಕೆ ಟಂಕಸಾಲೆಯ ಗುರುತು ಹುಡುಕಿ: ‘ಪಿ’ ಇದ್ದರೆ ಇಂದಿನ ಬೊಲಿವಿಯದ ಪೊಟೋಸಿ, ‘ಎಂ’ ಮೇಲೆ ಪುಟ್ಟ ‘ಓ’ ಇದ್ದರೆ ಮೆಕ್ಸಿಕೊ. ಅದರ ಕೆಳಗೆ ಬೆಳ್ಳಿ ಪರೀಕ್ಷಿಸಿದವನ ಅಕ್ಷರ. ಬಲಕ್ಕೆ ಎಷ್ಟು ರಿಯಾಲ್ ಎಂಬ ಅಂಕಿ. ಇಸವಿ ಕಂಡರೆ ನಿಮ್ಮ ಅದೃಷ್ಟ. ಪೊಟೋಸಿಯಲ್ಲಿ ಇಸವಿ ಹಾಕಲು ಶುರು ಮಾಡಿದ್ದೇ 1617ರಲ್ಲಿ. ನಿಧಿ ಹೊತ್ತಿದ್ದ ಸ್ಪೇನಿನ ಅಟೋಚ ಹಡಗು ಫ್ಲೋರಿಡಾ ಬಳಿ ಮುಳುಗಿದ್ದು 1622ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಇಸವಿ ಓದಲು ಬರುವ ಅಟೋಚ ನಾಣ್ಯಕ್ಕೆ ಸಂಗ್ರಾಹಕರು ಜಾಸ್ತಿ ಕೊಡುತ್ತಾರೆ.

ಈ ಲೆಕ್ಕ ಮೋಸವನ್ನೂ ಹಿಡಿಯುತ್ತದೆ. ಕಲಿಯುತ್ತಿದ್ದ ಕಾಲದಲ್ಲಿ ‘ಅಟೋಚದ್ದು’ ಎಂದು ಒಬ್ಬರು ಮಾರಿದ ಪೊಟೋಸಿ ನಾಣ್ಯ ಕೊಂಡೆ. ಅದರ ಮೇಲೆ ಎರಡು ಕಂಬ, ಕೆಳಗೆ ಅಲೆಗಳು. ಪೊಟೋಸಿಯಲ್ಲಿ ಆ ವಿನ್ಯಾಸ ಬಂದದ್ದು 1650ರ ದಶಕದಲ್ಲಿ. ಆ ಹೊತ್ತಿಗೆ ಅಟೋಚ ಮುಳುಗಿ ಮೂವತ್ತು ವರ್ಷವಾಗಿತ್ತು! ನಾಣ್ಯ ಅಸಲಿಯೇ, ಹಡಗಿನ ಕಥೆ ಸುಳ್ಳು. ನಾನು ದುಡ್ಡು ಕೊಟ್ಟಿದ್ದು ಆ ಕಥೆಗೆ, ಅಲ್ವಾ?

ನಕಲಿಗೆ ಇನ್ನೊಂದು ಪರೀಕ್ಷೆ ಇದೆ. ಕಾಬ್ ಎನ್ನುವ ಈ ನಾಣ್ಯಗಳನ್ನು ಬೆಳ್ಳಿ ತುಂಡು ಕತ್ತರಿಸಿ, ಸುತ್ತಿಗೆಯಲ್ಲಿ ಬಡಿದು ಮಾಡುತ್ತಿದ್ದರು. ಎರಡು ಕಾಬ್ ಒಂದೇ ಥರ ಇರಲು ಸಾಧ್ಯವೇ ಇಲ್ಲ. ಅದೇ ಆಕಾರ, ಅದೇ ಜಾಗದಲ್ಲಿ ಅದೇ ಬಿರುಕು ಎರಡರಲ್ಲೂ ಕಂಡರೆ ಅದು ಎರಕ ಹೊಯ್ದ ಮಾಲು.

ಇನ್ನು ಕಾಗದ. ಮುಳುಗಿದ ಹಡಗುಗಳ ನಿಧಿ ಹುಡುಕುತ್ತಿದ್ದ ಮೆಲ್ ಫಿಷರ್ ತಂಡ 1985ರಲ್ಲಿ ಅಟೋಚದ ಮುಖ್ಯ ನಿಧಿ ಪತ್ತೆ ಮಾಡಿತು. ಅವರ ಪ್ರಮಾಣಪತ್ರಗಳಲ್ಲಿ 1ರಿಂದ 4ರವರೆಗೆ ದರ್ಜೆ ಇರುತ್ತದೆ. 1 ಎಂದರೆ ಉತ್ತಮ, 4 ಎಂದರೆ ತುಂಬಾ ಸವೆದದ್ದು. ಪತ್ರದ ಫೋಟೊವನ್ನು ನಾಣ್ಯದ ಪಕ್ಕದಲ್ಲಿಟ್ಟು ಅಂಚಿನ ಒಂದೊಂದು ತಿರುವನ್ನೂ ಹೋಲಿಸಿ. ಮೂಲ ಪತ್ರ ಕಳೆದುಹೋದರೆ ಹಡಗಿನ ಹೆಸರಿಗೆ ಸಿಗುವ ಹೆಚ್ಚಿನ ಬೆಲೆಯೂ ಕೈತಪ್ಪುತ್ತದೆ.

ಹಡಗಿನ ಹೆಸರಿದ್ದ ಮಾತ್ರಕ್ಕೆ ದುಬಾರಿ ಅಂದುಕೊಳ್ಳಬೇಡಿ. 1784ರಲ್ಲಿ ಮುಳುಗಿದ ಸ್ಪೇನಿನ ಎಲ್ ಕಜಾಡೋರ್ ಹಡಗು 1993ರಲ್ಲಿ ಮೀನುಗಾರರ ಬಲೆಗೆ ಸಿಕ್ಕಾಗ ರಾಶಿ ರಾಶಿ ನಾಣ್ಯ ಬಂತು. ಹೆಚ್ಚಿನವು ಮೆಕ್ಸಿಕೊದ್ದು, 1783ರದ್ದು. ಅಷ್ಟೊಂದು ಸಿಗುವಾಗ ಸಾಧಾರಣ ಸ್ಥಿತಿಯದ್ದಕ್ಕೆ ದೊಡ್ಡ ಬೆಲೆ ಹುಟ್ಟುವುದಿಲ್ಲ.

ಕೊನೆಗೆ ಹರಾಜಿನ ಹಳೆಯ ದಾಖಲೆ ತೆಗೆಯಿರಿ. ಮಾರುವವರು ಕೇಳುವ ಬೆಲೆಯನ್ನು ಸುಮ್ನೆ ಬಿಟ್ಟುಬಿಡಿ, ನಿಜಕ್ಕೂ ಬಿಕರಿಯಾದ ಬೆಲೆ ನೋಡಿ. ಅದೇ ಹಡಗು, ಅದೇ ಟಂಕಸಾಲೆ, ಅದೇ ರಿಯಾಲ್, ಅದೇ ದರ್ಜೆಯ ಐದಾರು ನಾಣ್ಯ ಸಿಕ್ಕರೆ ಸಾಕು. ತೀರಾ ಮೇಲಿನದ್ದು, ತೀರಾ ಕೆಳಗಿನದ್ದು ತೆಗೆದು, ಉಳಿದದ್ದರ ನಡುವೆ ನಿಮ್ಮದನ್ನು ನಿಲ್ಲಿಸಿ. ದಾಖಲೆಯ ಮೊತ್ತದಲ್ಲಿ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಟ್ಟ ಕಮಿಷನ್ ಸೇರಿದೆಯಾ ಅಂತ ವಿಚಾರಿಸಿ. ಸೇರಿದ್ದರೆ ಅದನ್ನು ಕಳೆಯಿರಿ, ಆ ಪಾಲು ನಿಮ್ಮ ಕೈಗೆ ಬರುವುದಿಲ್ಲ.