ಬಿಸಿನೆಸ್ ಶೋದಲ್ಲಿ ಹೊರಗೆ ಹಾಕಿದ್ದು ಖರೆಯೋ ಸುಳ್ಳೋ: ಮದುವೆ ವಿಡಿಯೊ ಎಡಿಟರ್ ಹೇಳುವ ನೋಡುವ ಕ್ರಮ

ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಕೊಪ್ಪಿಕರ ರಸ್ತೆಯ ಹಿಂದಿನ ಓಣಿಯಲ್ಲಿ ಮಹಡಿ ಮೇಲೆ ಒಂದು ಕೋಣೆ, ಎರಡು ಕಂಪ್ಯೂಟರ್. ಹೋದ ತಿಂಗಳು ಅಣ್ಣನ ಮಗ ಧಾರವಾಡದಿಂದ ಬಂದವನೇ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಬಿಬಿಎ ಮುಗಿಸಿದ್ದಾನೆ. ಅವನೂ ಇಬ್ಬರು ಗೆಳೆಯರೂ ಕೂಡಿ, ನಮ್ಮ ವೈನಿ ಬಡಿಯುವ ಖಡಕ್ ರೊಟ್ಟಿ, ಕುಟ್ಟುವ ಶೇಂಗಾ ಚಟ್ನಿ, ಅಗಸಿ ಚಟ್ನಿಯನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ. ಟಿವಿಯ ಬಿಸಿನೆಸ್ ಸ್ಪರ್ಧೆಯೊಂದಕ್ಕೆ ಅರ್ಜಿ ಹಾಕುವ ಮನಸ್ಸು ಮಾಡಿದ್ದಾರೆ. ಅವನು ಕೇಳಿದ್ದು ಇಷ್ಟೇ:

"ಕಾಕಾ, ವಾರಾ ವಾರಾ ಒಬ್ಬರನ್ನ ಹೊರಗ ಹಾಕ್ತಾರಲ್ಲ, ಅದು ಖರೇನ ಅಲ್ಲೇ ಕುಂತು ಠರಾಯಿಸ್ತಾರೋ, ಮೊದಲ ಬರದು ಇಟ್ಟಿರ್ತಾರೋ?"

ನಾನು ಉತ್ತರ ಹೇಳುವ ಬದಲು ಹಾರ್ಡ್ ಡಿಸ್ಕ್‌ನಿಂದ ಗದಗಿನ ಒಂದು ಹಳೆಯ ಮದುವೆ ತೆಗೆದು ತೋರಿಸಿದೆ.

ಆ ಮದುವೆಯಲ್ಲಿ ಹುಡುಗಿಯನ್ನು ಒಪ್ಪಿಸುವ ಹೊತ್ತಿಗೆ ಹುಡುಗಿ ಅಳಲೇ ಇಲ್ಲ. ಗಂಡನ ಊರು ಬೆಟಗೇರಿ, ತವರಿನಿಂದ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ. ಯಾಕೆ ಅಳಬೇಕು? ನಗುತ್ತಾ ಕಾರು ಹತ್ತಿದಳು. ವಿಡಿಯೊ ನೋಡಿದ ಅವಳ ಅವ್ವ ಮಾತ್ರ, "ಸ್ವಲ್ಪ ಅತ್ತದ್ದು ಏನರ ಇದ್ರ ಹಾಕ್ರಿ, ಮಂದಿ ಏನಂದಾರು" ಎಂದರು. ಹುಡುಕಿದೆ. ಬೆಳಿಗ್ಗೆ ಹೋಮದ ಹೊಗೆ ಕಣ್ಣಿಗೆ ಹೋಗಿ ಅವಳು ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಂಡ ನಾಲ್ಕು ಸೆಕೆಂಡಿನ ತುಣುಕು ಸಿಕ್ಕಿತು. ಹಿನ್ನೆಲೆ ಕಾಣದಂತೆ ಮುಖದ ಹತ್ತಿರಕ್ಕೆ ಹಿಗ್ಗಿಸಿ, ವೇಗ ಅರ್ಧ ಮಾಡಿ, ಒಪ್ಪಿಸುವ ಶಾಸ್ತ್ರದ ನಡುವೆ ಇಟ್ಟೆ, ಕೆಳಗೆ ಶಹನಾಯಿ ಹಾಕಿದೆ. ಪೆನ್‌ಡ್ರೈವ್ ಒಯ್ಯಲು ಬಂದ ಆ ತಾಯಿ ಅಲ್ಲೇ ನಿಂತು ನೋಡಿ ಬಿಕ್ಕಿ ಬಿಕ್ಕಿ ಅತ್ತರು. "ನನ್ನ ಮಗಳು ಎಷ್ಟ ಅತ್ತಾಳ ನೋಡ್ರಿ."

ಮದುವೆ ಖರೆ. ಕಣ್ಣೀರೂ ಖರೆ. ಕಣ್ಣೀರಿನ ಕಾರಣ ಮಾತ್ರ ನಾನು ಹಚ್ಚಿದ್ದು. ಬಿಸಿನೆಸ್ ಶೋಗಳಲ್ಲಿ ಒಬ್ಬರನ್ನು ಹೊರಗೆ ಹಾಕುವುದನ್ನು ನೋಡುವಾಗ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದು. "ಖರೆಯೋ ಸುಳ್ಳೋ" ಎಂದು ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರು ಠರಾಯಿಸಿದರು, ಯಾವಾಗ ಠರಾಯಿಸಿದರು, ನಮಗೆ ತೋರಿಸಿದ ಕಾರಣ ಎಲ್ಲಿಂದ ಬಂತು, ಹೀಗೆ ಬಿಡಿಸಿ ಬಿಡಿಸಿ ಕೇಳಬೇಕು.

ಯಾರು ಎಂಬುದನ್ನು ತಿಳಿಯಲು ಶೋ ಮುಗಿದ ಕೂಡಲೇ ಚಾನೆಲ್ ಬದಲಿಸಬೇಡಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸರಸರ ಓಡುವ ಸಾಲುಗಳನ್ನು ಮೊಬೈಲಿನಲ್ಲಿ ನಿಲ್ಲಿಸಿ ಓದಿ. ಅಮೆರಿಕದ ಟಾಪ್ ಶೆಫ್ ಎಂಬ ಅಡುಗೆ ಸ್ಪರ್ಧೆಯಲ್ಲಿ, ಗೆಲುವು ಮತ್ತು ನಿರ್ಗಮನದ ತೀರ್ಮಾನವನ್ನು ತೀರ್ಪುಗಾರರು ನಿರ್ಮಾಪಕರ ಜತೆ ಸಮಾಲೋಚಿಸಿ ಮಾಡುತ್ತಾರೆ, ಕೆಲವನ್ನು ಚಾನೆಲ್ ಜತೆಗೂ ಚರ್ಚಿಸಲಾಗಿದೆ ಎಂದು ಅವರೇ ಬರೆದು ತೋರಿಸುತ್ತಾರೆ. ಮುಚ್ಚುಮರೆ ಇಲ್ಲ. ಓದುವವರು ಇಲ್ಲ, ಅಷ್ಟೇ.

ಆ ಸಾಲಿನ ಹಿಂದೆ ಒಂದು ಚರಿತ್ರೆ ಇದೆ. 1956ರಲ್ಲಿ ಅಮೆರಿಕದ ಟ್ವೆಂಟಿ ಒನ್ ಎಂಬ ಕ್ವಿಜ್ ಶೋದಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿಗೆ ಬೇಕೆಂತಲೇ ಸೋಲಬೇಕು ಎಂದು ನಿರ್ಮಾಪಕರು ಹೇಳಿದರು. ಹಿಂದಿನ ವರ್ಷದ ಆಸ್ಕರ್ ಯಾವ ಚಿತ್ರಕ್ಕೆ ಎಂಬ ಪ್ರಶ್ನೆ. ಉತ್ತರ ಮಾರ್ಟಿ, ಅದು ಅವನಿಗೆ ಬಹಳ ಇಷ್ಟವಾದ ಚಿತ್ರ. ಗೊತ್ತಿದ್ದೂ ತಪ್ಪು ಹೇಳಬೇಕಾಯಿತು. ಅವನನ್ನು ಸೋಲಿಸಿ ಮೆರೆದ ಚಾರ್ಲ್ಸ್ ವ್ಯಾನ್ ಡೋರೆನ್, ಉತ್ತರಗಳನ್ನು ತನಗೆ ಮೊದಲೇ ಕೊಟ್ಟಿದ್ದರು ಎಂದು 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡ. 1960ರಲ್ಲಿ ಕಾನೂನು ಬಂತು: ಜ್ಞಾನ, ಕೌಶಲ ಅಥವಾ ಅದೃಷ್ಟದ ಸ್ಪರ್ಧೆಯ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿ ಜನರನ್ನು ಮೋಸಗೊಳಿಸುವುದು ಅಪರಾಧ. ಇಂಥ ಪೆಟ್ಟು ತಿಂದ ದೇಶದ ಶೋಗಳು ಯಾರ ಮಾತು ನಡೆಯುತ್ತದೆ ಎಂಬುದನ್ನು ಬರೆದು ಕೈತೊಳೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಯಾವ ಭಾಗ ಲೆಕ್ಕ, ಯಾವ ಭಾಗ ಯಜಮಾನರ ಮನಸ್ಸು ಎಂಬುದನ್ನು ಬೇರ್ಪಡಿಸಿ. ಬ್ರಿಟನ್ನಿನ ದಿ ಅಪ್ರೆಂಟಿಸ್ ಎಂಬ ಬಿಸಿನೆಸ್ ಸ್ಪರ್ಧೆ 2005ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು, ತೀರ್ಪು ಕೊಡುವ ಕುರ್ಚಿಯಲ್ಲಿ ಕೂಡುವವರು ಉದ್ಯಮಿ ಅಲನ್ ಶುಗರ್. ಎರಡು ತಂಡಗಳಿಗೆ ಒಂದು ಕೆಲಸ. ಹೆಚ್ಚಿನ ವಾರ ಯಾವ ತಂಡ ಎಷ್ಟು ಲಾಭ ಮಾಡಿತು ಎಂದು ಅಂಕಿ ಓದುತ್ತಾರೆ. ಸೋತ ತಂಡದ ನಾಯಕ ತನ್ನ ಜತೆ ಸಾಮಾನ್ಯವಾಗಿ ಇಬ್ಬರನ್ನು ಬೋರ್ಡ್‌ರೂಮ್ ಎಂಬ ತೀರ್ಪಿನ ಕೋಣೆಯೊಳಗೆ ಕರೆತರುತ್ತಾನೆ. ಆ ಮೂವರಲ್ಲಿ ಒಬ್ಬರು ಮನೆಗೆ. ಇದರಲ್ಲಿ ಸೋತ ತಂಡ ಯಾವುದು ಎಂಬುದು ರೊಕ್ಕದ ಲೆಕ್ಕ. ದುರ್ಗದಬೈಲಿನಲ್ಲಿ ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದ ಹಾಗೆ, ಅದರಲ್ಲಿ ಕೈಯಾಡಿಸುವುದು ಕಷ್ಟ. ಮೂವರಲ್ಲಿ ಯಾರು ಎಂಬುದಕ್ಕೆ ಮಾತ್ರ ಯಾವ ತಕ್ಕಡಿಯೂ ಇಲ್ಲ. ಅಲ್ಲಿಗೇ ನಿಮ್ಮ ಕಣ್ಣು ಹೋಗಬೇಕು.

ಚಿಕ್ಕವನಿದ್ದಾಗ ಅಪ್ಪ ಹಾವೇರಿಯ ದನದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ದಲಾಲರೂ ಕೊಳ್ಳುವವರೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆ ಹೇಳುವರು. ಮೇಲೆ ಬಾಯಲ್ಲಿ "ಆಗೂದಿಲ್ಲ, ಹೋಗ್ರಿ" ಎಂದು ಒದರಾಟ. ಸುತ್ತ ನಿಂತವರಿಗೆ ಒದರಾಟ ಕೇಳುತ್ತದೆ, ಬೆಲೆ ಕಾಣುವುದಿಲ್ಲ. ವ್ಯಾಪಾರ ಮಾತ್ರ ಖರೆ, ಎತ್ತು ಸಂಜೆಗೆ ಬೇರೆಯವರ ಹಗ್ಗದಲ್ಲಿ ಇರುತ್ತಿತ್ತು. ಬೋರ್ಡ್‌ರೂಮಿನಲ್ಲಿ ನಮಗೆ ಕೇಳುವುದು ಒದರಾಟ.

ಈಗ ಕಾರಣದ ವಿಷಯ. ನನಗೆ ಗೊತ್ತಿರುವ ಕೆಲಸ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಮೆರಿಕದ ಅಪ್ರೆಂಟಿಸ್ 2004ರ ಜನವರಿಯಲ್ಲಿ ಎನ್‌ಬಿಸಿಯಲ್ಲಿ ಬಂತು. ಮಾಡಿದವರು ಮಾರ್ಕ್ ಬರ್ನೆಟ್, ಕುರ್ಚಿಯಲ್ಲಿ ಡೊನಾಲ್ಡ್ ಟ್ರಂಪ್. 2019ರ ಜನವರಿಯ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಆ ಶೋದ ಎಡಿಟಿಂಗ್ ಮಾಡಿದವರು ಹೇಳಿದ್ದನ್ನು ಓದಿದಾಗ ನನ್ನ ಹೋಮದ ಹೊಗೆ ನೆನಪಾಯಿತು. ಟ್ರಂಪ್ ಎಷ್ಟೋ ಸಲ ತಯಾರಿ ಇಲ್ಲದೆ, ಆ ಕ್ಷಣದ ಮನಸ್ಸಿನಂತೆ ಒಬ್ಬರನ್ನು ತೆಗೆದುಬಿಡುತ್ತಿದ್ದರು, ಚೆನ್ನಾಗಿ ಕೆಲಸ ಮಾಡಿದವರನ್ನೂ. ಆಮೇಲೆ ಎಡಿಟರುಗಳು ನೂರಾರು ಗಂಟೆಯ ಚಿತ್ರೀಕರಣಕ್ಕೆ ವಾಪಸ್ ಹೋಗಿ, ಹೊರಬಿದ್ದವರು ತಪ್ಪಿದ ಒಂದೆರಡು ಗಳಿಗೆಗಳನ್ನು ಹೆಕ್ಕಿ ತಂದು, ತೀರ್ಪು ಸರಿಯೇ ಇತ್ತು ಎನ್ನಿಸುವಂತೆ ಕತೆ ಕಟ್ಟಬೇಕಾಗುತ್ತಿತ್ತು. ತೀರ್ಪು ಮೊದಲು ಬರೆದಿಟ್ಟಿದ್ದಲ್ಲ. ಬರೆದದ್ದು ಕಾರಣ, ಅದೂ ತೀರ್ಪಿನ ನಂತರ. ಸ್ಕ್ರಿಪ್ಟ್ ಇದೆ ಎನ್ನುವವರೂ ಎಲ್ಲಾ ನಿಜ ಎನ್ನುವವರೂ ಇಬ್ಬರೂ ಎಡವುವುದು ಇಲ್ಲಿಯೇ.

ಇದನ್ನು ಮನೆಯಲ್ಲಿ ಕೂತು ಹಿಡಿಯಬಹುದು. ಒಂದೇ ಕಂತನ್ನು ಎರಡು ಸಲ ನೋಡಬೇಕು.

ಮೊದಲ ಸಲ ಕೊನೆಯ ಹತ್ತು ನಿಮಿಷ ಮಾತ್ರ ನೋಡಿ, ಯಾರು ಹೋದರು ಎಂದು ತಿಳಿದುಕೊಳ್ಳಿ. ಆಮೇಲೆ ಮೊದಲಿಂದ ಹಚ್ಚಿ, ಹೋದವರು ಕಾಣಿಸಿದಾಗಲೆಲ್ಲ ಅವರ ಬಾಯಿಯನ್ನೇ ನೋಡಿ. ಮಾತು ಕೇಳುತ್ತಿದೆ, ಆದರೆ ತೆರೆಯ ಮೇಲೆ ಬೇರೆಯವರ ಮುಖವೋ ಕೈಯೋ ಇದೆ ಎಂದರೆ ಅಲ್ಲಿ ಆಡಿಯೊ ಜೋಡಿಸಿರಬಹುದು. ಎರಡು ಬೇರೆ ವಾಕ್ಯದ ತುಂಡು ತಂದು ಒಂದು ವಾಕ್ಯ ಮಾಡುವುದು ನಮ್ಮ ಕಸುಬಿನಲ್ಲಿ ದೊಡ್ಡ ಕೆಲಸವಲ್ಲ. ಕನ್ನಡದಲ್ಲಂತೂ ಕ್ರಿಯಾಪದ ಕೊನೆಗೆ ಬರುವುದರಿಂದ "ಮಾಡೂದಿಲ್ಲ" ಎಂಬುದರ "ಇಲ್ಲ"ವನ್ನು ನುಂಗಿಸಿ "ಮಾಡೂದು" ಮಾಡಿಬಿಡಬಹುದು. ಕಣ್ಣು ಮುಚ್ಚಿ ಕೇಳಿದರೆ ಜೋಡಣೆ ತಿಳಿಯುತ್ತದೆ: ವಾಕ್ಯದ ನಡುವೆ ದನಿ ಥಟ್ಟನೆ ಏರುತ್ತದೆ ಅಥವಾ ಹಿಂದಿನ ಫ್ಯಾನಿನ ಸದ್ದು ಅರ್ಧದಲ್ಲಿ ಬದಲಾಗುತ್ತದೆ.

ಮುಖಗಳ ಕ್ಲೋಸಪ್ ಬಂದಾಗ ಮುಖ ಬಿಟ್ಟು ಉಳಿದದ್ದನ್ನು ನೋಡಿ. ಮೇಜಿನ ಮೇಲೆ ನೀರಿನ ಲೋಟ ಇದ್ದರೆ ನೀರು ಎಲ್ಲಿಯವರೆಗೆ ಇದೆ? ಈಗ ಅರ್ಧ, ಮರುಕ್ಷಣ ತುಂಬಿದೆ, ಮತ್ತೆ ಕಾಲು ಭಾಗ ಎಂದರೆ ಆ "ಮರುಕ್ಷಣ" ಬಹುಶಃ ಅರ್ಧ ಗಂಟೆ ಹಿಂದಿನದು. ಟೈ ಗಂಟು, ಹೆಗಲ ಮೇಲಿನ ಕೂದಲು, ಕಾಲರ್ ಕೂಡ ಹೀಗೇ ಬಾಯಿಬಿಡುತ್ತವೆ. ಒಬ್ಬ ಸ್ಪರ್ಧಿ ಬೈಸಿಕೊಂಡಾಗ ಪಕ್ಕದವನು ನಕ್ಕ ಎಂದು ಸಿಟ್ಟಾಗುವ ಮೊದಲು, ಅವನು ನಕ್ಕದ್ದು ಯಾವುದಕ್ಕೆ ಎಂದು ಕೇಳಿಕೊಳ್ಳಿ.

ಹಾಳೆಯ ಮೇಲೆ ಎಲ್ಲ ಸ್ಪರ್ಧಿಗಳ ಹೆಸರು ಬರೆದು, ಒಬ್ಬೊಬ್ಬರು ಕ್ಯಾಮೆರಾಕ್ಕೆ ಒಂಟಿಯಾಗಿ ಮಾತಾಡಿದಾಗ ಒಂದು ಗೀಟು ಹಾಕಿ. ನಾಲ್ಕು ವಾರ ಕಾಣದಿದ್ದವರು ಐದನೆಯ ವಾರ ಇದ್ದಕ್ಕಿದ್ದಂತೆ ತಮ್ಮ ಮನೆ, ಕಷ್ಟ, ಕನಸು ಹೇಳತೊಡಗಿದರೆ ಅವರ ಮೇಲೆ ಕಣ್ಣಿಡಿ. ಕಂತು ಕಟ್ಟುವ ಎಡಿಟರನಿಗೆ ಅಂತ್ಯ ಗೊತ್ತು, ಹೋಗುವವರನ್ನು ಒಂದು ಸಲ ಪರಿಚಯ ಮಾಡಿಸಿಯೇ ಕಳಿಸುತ್ತಾನೆ. ನಾನೂ ಮದುವೆಯಲ್ಲಿ ಅಜ್ಜಿ ಕೊನೆಗೆ ಅಳುವುದಿದ್ದರೆ ಅರಿಶಿನದ ದಿನವೇ ಅವರನ್ನು ಎರಡು ಸಲ ತೋರಿಸಿಡುತ್ತೇನೆ.

ಕೆಲವು ವಿಷಯಗಳು ನಕಲಿ ಎಂದು ತಿಳಿದ ಕೂಡಲೇ ಜನ ಇಡೀ ಶೋ ಸುಳ್ಳು ಎಂದುಬಿಡುತ್ತಾರೆ. ಅದು ತಪ್ಪು. ಬ್ರಿಟಿಷ್ ಶೋದ ಬೋರ್ಡ್‌ರೂಮ್ ಶುಗರ್ ಅವರ ಕಚೇರಿಯಲ್ಲ, ಟಿವಿಗಾಗಿ ಕಟ್ಟಿದ ಸೆಟ್. ಹೊರಬಿದ್ದವರು ಕೋಟು ಹಾಕಿಕೊಂಡು ಸೂಟ್‌ಕೇಸ್ ಎಳೆಯುತ್ತಾ ಟ್ಯಾಕ್ಸಿ ಹತ್ತುವ ದೃಶ್ಯವನ್ನು ಮುಂಚೆಯೇ ಎಲ್ಲರದ್ದೂ ತೆಗೆದಿಟ್ಟಿರುತ್ತಾರೆ ಎಂದು ಹಳೆಯ ಸ್ಪರ್ಧಿಗಳೇ ಹೇಳಿದ್ದಾರೆ. ಫೈನಲ್‌ನಲ್ಲಿ ಇಬ್ಬರೂ ಗೆದ್ದಂತೆ ಎರಡು ಅಂತ್ಯ ಚಿತ್ರೀಕರಿಸಿ, ಪ್ರಸಾರದ ಹೊತ್ತಿಗೆ ಒಂದನ್ನು ಹಾಕುತ್ತಾರೆ. ಗುಟ್ಟು ಸೋರಬಾರದಲ್ಲ. ಇವು ಯಾವುವೂ ತೀರ್ಪನ್ನು ಸುಳ್ಳು ಮಾಡುವುದಿಲ್ಲ. ಎಲ್ಲರೂ ಟ್ಯಾಕ್ಸಿ ಹತ್ತಿರುವುದರಿಂದ ಆ ದೃಶ್ಯ ಯಾರು ಹೋಗುತ್ತಾರೆ ಎಂಬುದಕ್ಕೆ ಸಾಕ್ಷಿಯೇ ಅಲ್ಲ.

ತೀರ್ಪಿನ ತೂಕ ತಿಳಿಯಲು ನಾನು ಕೇಳುವ ಪ್ರಶ್ನೆ ಬೇರೆ: ಕೊನೆಗೆ ಗೆದ್ದವರ ಜತೆ ಬಾಳಬೇಕಾದವರು ಯಾರು? ಆ ಬ್ರಿಟಿಷ್ ಶೋದಲ್ಲಿ ಮೊದಲು ಬಹುಮಾನ ವರ್ಷಕ್ಕೆ 1 ಲಕ್ಷ ಪೌಂಡ್ ಸಂಬಳದ ನೌಕರಿ. 2011ರಿಂದ ಶುಗರ್ 2.5 ಲಕ್ಷ ಪೌಂಡ್ ಹೂಡಿ ವ್ಯಾಪಾರದಲ್ಲಿ ಅರ್ಧ ಪಾಲುದಾರರಾಗುತ್ತಾರೆ. ಪಾಲುದಾರಿಕೆ ಎಂದ ಮೇಲೆ ಕೊನೆಯ ಸುತ್ತುಗಳಲ್ಲಿ ಮನುಷ್ಯ ಟಿವಿಗಾಗಿ ಮಾತ್ರ ಆರಿಸುವುದಿಲ್ಲ. ಮೊದಲ ಸುತ್ತುಗಳಲ್ಲಿ ಜಗಳಗಂಟರು ಉಳಿದರೆ ನನಗೆ ಅನುಮಾನ ಬರುತ್ತದೆ, ಕೊನೆಯ ಸುತ್ತಿನಲ್ಲಿ ಅಷ್ಟು ಬರುವುದಿಲ್ಲ.

ನಮ್ಮಲ್ಲಿ 2021ರ ಡಿಸೆಂಬರಿನಿಂದ ಶಾರ್ಕ್ ಟ್ಯಾಂಕ್ ಇಂಡಿಯಾ ಬರುತ್ತಿದೆ, ವ್ಯಾಪಾರ ಮಾಡುವವರು ಹೂಡಿಕೆದಾರರ ಮುಂದೆ ನಿಂತು ರೊಕ್ಕ ಕೇಳುವ ಶೋ. ಅಲ್ಲಿ ವಾರಕ್ಕೊಬ್ಬರನ್ನು ತೆಗೆಯುವ ಪದ್ಧತಿ ಇಲ್ಲ, ಆದರೆ ಹೂಡಿಕೆದಾರರು ನಾನು ರೊಕ್ಕ ಹಾಕುವುದಿಲ್ಲ ಎನ್ನುವ "ಐ ಆಮ್ ಔಟ್" ಇದೆ. ಅದಕ್ಕೂ ಇದೇ ಕ್ರಮ ನಡೆಯುತ್ತದೆ. ಬಹಳ ಹೊತ್ತು ನಡೆದ ಪ್ರಶ್ನೋತ್ತರ ನಮಗೆ ಕೆಲವೇ ನಿಮಿಷಕ್ಕೆ ಇಳಿದು ಬರುತ್ತದೆ. ಕೈ ಕುಲುಕಿದ ಕೂಡಲೇ ರೊಕ್ಕ ಬರುವುದಿಲ್ಲ. ಲೆಕ್ಕಪತ್ರ, ತೆರಿಗೆ ಕಾಗದ, ಪಾಲುದಾರರ ಪತ್ರ ಎಲ್ಲವನ್ನೂ ತಪಾಸಣೆ ಮಾಡಿ ಆಮೇಲೆ ಒಪ್ಪಂದ. ಟಿವಿಯಲ್ಲಿ ಆದ ಡೀಲು ಹೊರಗೆ ಮುರಿದುಬಿದ್ದದ್ದೂ ಉಂಟು.

ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಅರ್ಜಿ ಹಾಕುವವರಿಗೆಲ್ಲ ಬೇಕಾದದ್ದು. ಕರಾರು ಪತ್ರ ಕೈಗೆ ಬಂದ ದಿನವೇ ಸಹಿ ಮಾಡಬೇಡಿ, ವಕೀಲರಿಗೆ ಓದಿಸಿ. ಹೊರಗೆ ಹಾಕುವ ತೀರ್ಮಾನ ಯಾರದು ಎಂದು ಅದರಲ್ಲಿ ಬರೆದಿದೆಯೇ? ನಿಮ್ಮ ದನಿ, ಚಿತ್ರವನ್ನು ಎಲ್ಲಿ ಬೇಕಾದರೂ ಜೋಡಿಸುವ ಹಕ್ಕು ಕೊಡುತ್ತಿದ್ದೀರೇ? ಬಹುತೇಕ ಕೊಡಲೇಬೇಕಾಗುತ್ತದೆ, ತಿಳಿದು ಕೊಡಿ. ಶೋಗೆ ಬಂದ ಮಾತ್ರಕ್ಕೆ ನಿಮ್ಮ ವ್ಯಾಪಾರದಲ್ಲಿ ಪಾಲು ಕೇಳುತ್ತಾರೆಯೇ? ಅಮೆರಿಕದ ಶಾರ್ಕ್ ಟ್ಯಾಂಕ್‌ನಲ್ಲಿ ಡೀಲು ಆಗಲಿ ಬಿಡಲಿ, ಶೇ 5ರಷ್ಟು ಪಾಲು ಅಥವಾ ಲಾಭದಲ್ಲಿ ಶೇ 2 ಎಂಬ ಷರತ್ತು ಇತ್ತು. ಆ ಶೋದ ಹೂಡಿಕೆದಾರ ಮಾರ್ಕ್ ಕ್ಯೂಬನ್ ಹಟ ಹಿಡಿದ ಮೇಲೆ 2013ರಲ್ಲಿ ಅದನ್ನು ತೆಗೆದರು. ರೊಟ್ಟಿ ಬಡಿಯುವ ವೈನಿಯ ರಟ್ಟೆಯಲ್ಲಿ ಶೇ 5 ಬಿಟ್ಟುಕೊಡುವ ಮಾತು ಬಂದರೆ ಎದ್ದು ಬಾ ಎಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನನ್ನನ್ನ ತೆಗದ್ರ, ನಾ ಯಾಕ ಹೋದೆ ಅಂತ ನನಗ ಹೆಂಗ ಗೊತ್ತಾಗಬೇಕು ಕಾಕಾ?" ಎಂದ.

ಚಿತ್ರೀಕರಣದ ದಿನಗಳಲ್ಲಿ ಪ್ರತಿ ರಾತ್ರಿ ಮಲಗುವ ಮೊದಲು ಬರೆದಿಡಬೇಕು. ಇವತ್ತು ಏನು ಕೆಲಸ, ಎಷ್ಟು ಮಾರಿದೆವು, ಯಾರಿಗೆ ಏನು ಹೇಳಿದೆ, ಯಾವಾಗ ನಕ್ಕೆ, ಯಾವಾಗ ಸುಮ್ಮನಾದೆ. ಮೊಬೈಲ್ ಇಸಿದುಕೊಂಡಾರು, ಆದ್ದರಿಂದ ಕೈಬರಹ. ಆರು ತಿಂಗಳ ಮೇಲೆ ಟಿವಿಯಲ್ಲಿ ಬಂದಾಗ ಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ಎಲ್ಲಿ ಕತ್ತರಿಸಿ ಎಲ್ಲಿ ಹಚ್ಚಿದ್ದಾರೆ ಎಂಬುದು ಸಾಲುಸಾಲಾಗಿ ತಿಳಿಯುತ್ತದೆ. ಟೇಬಲ್ ಮೇಲಿದ್ದ ಇನ್ನೂರು ಪುಟದ ನೋಟ್‌ಬುಕ್ ಅವನ ಕೈಗೆ ಕೊಟ್ಟೆ. ಮೊದಲ ಪುಟದಲ್ಲಿ ಅವನು ಅಲ್ಲೇ ಕೂತು ಆ ದಿನದ ತಾರೀಖು ಬರೆದು, ಕೆಳಗೆ ರೊಟ್ಟಿ 340, ಶೇಂಗಾ ಚಟ್ನಿ 26 ಪ್ಯಾಕೆಟ್ ಎಂದು ಅವತ್ತಿನ ಮಾರಾಟ ಬರೆದುಕೊಂಡ.