ಮದ್ದಿಲ್ಲದ ಕೋವಿಗೂ ಮದ್ದುಂಟು

ಆಟ ಮುಗಿಸಿ ಬಂದು ಏರ್‌ಸಾಫ್ಟ್ ಬಂದೂಕಿನ ಮೂತಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ‘ಕಟಕ್’ ಎಂದು ಸದ್ದು ಬಂದರೆ ನಳಿಗೆ ಸಡಿಲವಾಗಿದೆ ಎಂದರ್ಥ. ಗುರಿ ನೋಡುವ ಮುಂದಿನ ಮೊನೆ ನಳಿಗೆಯ ಮೇಲಿದ್ದು, ಹಿಂದಿನದು ಬಂದೂಕಿನ ಮೈಮೇಲಿದ್ದರೆ ಎರಡೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಗುಂಡು ಎತ್ತಲೋ ಹೋಗುತ್ತದೆ, ಬೈಗುಳ ಗುಂಡಿಗೆ ಬೀಳುತ್ತದೆ.

ಏರ್‌ಸಾಫ್ಟ್ ಜಪಾನಿನ ಕೂಸು. ನಿಜವಾದ ಬಂದೂಕಿಗೆ ಅಲ್ಲಿ ಬಲು ಬಿಗಿ ಕಾನೂನು. 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ ಈ ಆಟ 1970ರ ದಶಕದಿಂದ ಬೆಳೆಯಿತು. 1991ರಲ್ಲಿ ಟೋಕಿಯೊ ಮಾರುಯಿ ಕಂಪನಿ ಬ್ಯಾಟರಿಯಿಂದ ನಡೆಯುವ ಫಾಮಾಸ್ (ಫ್ರೆಂಚ್ ಸೇನೆಯ ಬಂದೂಕು) ಮಾದರಿಯನ್ನು ತಂದ ಮೇಲೆ ಆಟದ ಚಹರೆಯೇ ಬದಲಾಯಿತು. ಟೋಕಿಯೊ ಪಕ್ಕದ ಚಿಬಾದಲ್ಲಿ ಇಂತಹ ಮೈದಾನಗಳು ಬೇಕಾದಷ್ಟಿವೆ. ರಜೆಯ ದಿನ ನಾನು ಹೋಗುವುದೂ ಅಲ್ಲಿಗೇ. ಎಲ್ಲೆಡೆ ಕಾಣುವ ಎಂ4 (ಅಮೆರಿಕದ ಸೇನೆಯ ಬಂದೂಕು) ಮಾದರಿಯ ಬ್ಯಾಟರಿ ಬಂದೂಕನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವ ಮುನ್ನ ಅಜ್ಜ ಅದನ್ನು ಮಡಚಿ, ಒಳಗೆ ತೋಟಾ ಇಲ್ಲವೆಂದು ನಮಗೆಲ್ಲ ತೋರಿಸುತ್ತಿದ್ದರು. ಆಟದ ಬಂದೂಕಿಗೂ ಅದೇ ಶಿಸ್ತು ಇರಲಿ. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ, ಗುಂಡು ತುಂಬುವ ಮ್ಯಾಗಜಿನ್ ತೆಗೆಯಿರಿ. ಒಳಗೆ ಉಳಿದ ಗುಂಡು ಹೋಗಲೆಂದು ಸುರಕ್ಷಿತ ದಿಕ್ಕಿಗೆ ಎರಡು ಸಲ ಹಾರಿಸಿ, ಆಮೇಲೆ ಬ್ಯಾಟರಿ ಕಳಚಿ. ಮೂತಿಯ ಕಡೆಯಿಂದ ಇಣುಕಬೇಡಿ.

ಇನ್ನು ಅಲುಗಾಟ ಎಲ್ಲಿದೆ ಎಂದು ಹುಡುಕಬೇಕು. ಮುಕ್ಕಾಲು ಕೆಲಸ ಇದೇ. ಮೊದಲ ಸಲ ನಾನು ಇದನ್ನು ಬಿಟ್ಟು, ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ಬಿಗಿಸುತ್ತಾ ಹೋದೆ. ಒಂದು ಪುಟ್ಟ ಗ್ರಬ್ ಸ್ಕ್ರೂವಿನ (ತಲೆಯಿಲ್ಲದ ಸ್ಕ್ರೂ) ಕುಳಿಯ ಆರು ಮೂಲೆಗಳೂ ಸವೆದು ದುಂಡಗಾದವು. ನಳಿಗೆ ಮಾತ್ರ ಮೊದಲಿನಂತೆಯೇ ಅಲುಗುತ್ತಿತ್ತು. ನಳಿಗೆ ಮೈಗೆ ಕೂಡುವಲ್ಲಿ ಬೆರಳಿಡಿ, ಅರ್ಧ ಈಚೆ, ಅರ್ಧ ಆಚೆ. ಇನ್ನೊಂದು ಕೈಯಿಂದ ಮೂತಿಯನ್ನು ಅಲುಗಿಸಿ. ಕಣ್ಣಿಗೆ ಕಾಣದ ಸಂದು ಬೆರಳಿಗೆ ತಿಳಿಯುತ್ತದೆ. ಬುಡ ಗಟ್ಟಿಯಿದ್ದರೆ ಬೆರಳನ್ನು ಮುಂದೆ ಸರಿಸಿ. ಹಲವು ಮಾದರಿಗಳಲ್ಲಿ ಕಣ್ಣಿಗೆ ಕಾಣುವ ಹೊರನಳಿಗೆ ಎರಡು ತುಂಡು, ಸಡಿಲವಾಗಿರುವುದು ನಡುವಿನ ಥ್ರೆಡ್ (ತಿರುಪಿನ ಸುತ್ತು) ಆಗಿರಬಹುದು. ಮೇಲಿನ ಮೈ ಮತ್ತು ಕೆಳಗಿನ ಮೈ ನಡುವೆಯೇ ಅಲುಗಾಟವಿದ್ದರೆ ಅದು ಪಿನ್ನಿನ ತಕರಾರು, ನಳಿಗೆಯನ್ನು ಮುಟ್ಟುವ ಅಗತ್ಯವೇ ಇಲ್ಲ.

ಬುಡದ ಸಡಿಲಕ್ಕೆ ಸಾಮಾನ್ಯವಾಗಿ ನಳಿಗೆಯನ್ನು ಮೈಗೆ ಬಿಗಿಯುವ ಬ್ಯಾರೆಲ್ ನಟ್ ಕಾರಣ. ನಳಿಗೆಯನ್ನು ಸುತ್ತುವರಿದ ಹಿಡಿಕೆಯ ಹಿಂತುದಿಯಲ್ಲಿ ಸ್ಪ್ರಿಂಗ್ ಇರುವ ಬಳೆಯಂಥ ಡೆಲ್ಟಾ ರಿಂಗನ್ನು ಹಿಂದಕ್ಕೆಳೆದು ಆ ಹಿಡಿಕೆಯ ಎರಡು ಹೋಳುಗಳನ್ನು ಬಿಡಿಸಿ. ಇದಕ್ಕೆ ಮೂರು ಕೈ ಬೇಕು, ಮನೆಯವರನ್ನು ಕರೆಯಿರಿ. ವೈರುಗಳು ಹಿಡಿಕೆಯೊಳಗೆ ಬಂದಿದ್ದರೆ ಜೋಪಾನ. ಮುಂಭಾಗದ ಪಿನ್ನನ್ನು ತಳ್ಳಿ, ಮೇಲಿನ ಮೈಯನ್ನು ಮುಂದಕ್ಕೆ ಜಾರಿಸಿ, ಗುಂಡು ಹಾಯುವ ಒಳನಳಿಗೆಯನ್ನು ಹಾಪ್-ಅಪ್ (ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ಭಾಗ) ಸಮೇತ ಹಿಂದಿನಿಂದ ಹೊರತೆಗೆಯಿರಿ. ಈಗ ನಟ್ಟನ್ನು ಅದರದೇ ಸ್ಪ್ಯಾನರ್‌ನಿಂದ ಬಿಚ್ಚಿ. ಪೈಪು ಹಿಡಿಯುವ ಇಕ್ಕಳ ತಂದರೆ ನಟ್ಟಿನ ಹಲ್ಲುಗಳ ಕಥೆ ಮುಗಿಯಿತು.

ಥ್ರೆಡ್‌ಗಳನ್ನು ಆಲ್ಕೋಹಾಲಿನಲ್ಲಿ ಒರೆಸಿ, ಎಣ್ಣೆಯ ಪಸೆ ಉಳಿಯದಿರಲಿ. ಲೋಹಕ್ಕೆ ಲೋಹ ಕೂಡುವಲ್ಲಿ ನೀಲಿ ಬಣ್ಣದ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ತೊಟ್ಟು ಸಾಕು. ಕೆಂಪಿನ ತಂಟೆ ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ ಮೈಯಾದರೆ ಎರಡೂ ಬೇಡ, ಕೆಲವು ಪ್ಲಾಸ್ಟಿಕ್‌ಗಳು ಈ ದ್ರವ ತಾಗಿದರೆ ಬಿರಿಯುತ್ತವೆ. ಅಲ್ಲಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನೇ, ಬಿಗಿಸುವ ದಿಕ್ಕಿನಲ್ಲಿ ಎರಡು ಮೂರು ಸುತ್ತು ಹಾಕಿ. ನಳಿಗೆಯ ಬುಡದ ಪುಟ್ಟ ಪಿನ್ನು ಮೈಯ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ, ಗ್ಯಾಸ್ ಕೊಳವೆಯ ತೂತು ನಟ್ಟಿನ ನೆತ್ತಿಗೆ ಬಂದಿದೆಯೇ ನೋಡಿಕೊಂಡು ಬಿಗಿಸಿ. ಥ್ರೆಡ್ ಲಾಕರ್ ಹಾಕಿದ್ದರೆ ಒಂದು ದಿನ ಮುಟ್ಟದೆ ಬಿಡಿ.

ಹೊರನಳಿಗೆಯ ನಡುವಿನ ಸಡಿಲಕ್ಕೂ ಇದೇ ಉಪಾಯ. ಆದರೆ ಮೂತಿಯ ತುದಿಯಲ್ಲಿ ಹುಷಾರಾಗಿರಿ: ಹಲವು ಬಂದೂಕುಗಳಲ್ಲಿ ಅಲ್ಲಿರುವುದು 14 ಮಿ.ಮೀ. ಎಡಮುರಿ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಬಿಗಿಸುತ್ತಿದ್ದೇನೆ ಎಂದುಕೊಂಡು ಅರ್ಧ ಗಂಟೆ ಬಿಚ್ಚಿದವರನ್ನು ಕಂಡಿದ್ದೇನೆ.

ಹೊರಗೆಲ್ಲ ಗಟ್ಟಿಯಿದ್ದೂ ಅಲ್ಲಾಡಿಸಿದಾಗ ಒಳಗೆ ಗಡಗಡ ಎನ್ನುತ್ತಿದ್ದರೆ ಒಳನಳಿಗೆ ತೂಗಾಡುತ್ತಿದೆ. ಅದರ ಮೇಲೆ ನಡುವಿನಲ್ಲೊಂದು, ತುದಿಯ ಹತ್ತಿರವೊಂದು ಕಡೆ, ಬೆರಳಗಲದ ಟೇಪನ್ನು ಸುಕ್ಕಿಲ್ಲದೆ ಸುತ್ತಿ. ಹೊರನಳಿಗೆಯೊಳಗೆ ಅದು ತುಸು ತಡೆಯುತ್ತಲೇ ಜಾರಬೇಕು. ತೀರಾ ಬಿಗಿಯಾದರೆ ಹಾಪ್-ಅಪ್ ಹಿಂದಕ್ಕೆ ಸರಿದು, ಗಾಳಿ ಊದುವ ನಾಜಲ್‌ಗೆ ಒತ್ತಿಕೊಳ್ಳುವುದಿಲ್ಲ. ಸಂದಿನಿಂದ ಗಾಳಿ ಸೋರಿ ಗುಂಡು ನಾಲ್ಕು ಹೆಜ್ಜೆಗೇ ಬೀಳುತ್ತದೆ.

ಪ್ಲಾಸ್ಟಿಕ್ ಮೈಯ ಕುತ್ತಿಗೆಯಲ್ಲಿ ಬಿರುಕು ಕಂಡರೆ ಟೇಪು, ಅಂಟು ಎಲ್ಲವೂ ವ್ಯರ್ಥ. ಮೇಲಿನ ಮೈಯನ್ನೇ ಬದಲಿಸುವುದು ಲೇಸು.

ಜೋಡಿಸಿದ ಮೇಲೆ ಮೂತಿ ಹಿಡಿದು ಮತ್ತೊಮ್ಮೆ ಅಲುಗಿಸಿ. ಸದ್ದಿಲ್ಲದಿದ್ದರೆ ಬ್ಯಾಟರಿ ಹಾಕಿ, ಹತ್ತು ಮೀಟರ್ ದೂರದ ಕಾಗದಕ್ಕೆ ಹತ್ತು ಗುಂಡು ಹಾರಿಸಿ. ಬಿಚ್ಚುವಾಗ ಹಾಪ್-ಅಪ್ ತಿರುಗಿರುತ್ತದೆ. ಗುಂಡು ಆಕಾಶಕ್ಕೆ ಏರಿದರೆ ಅದನ್ನು ಸೊನ್ನೆಗೆ ತಂದು ಹೊಸದಾಗಿ ಹೊಂದಿಸಿಕೊಳ್ಳಿ.